ದಾರ ಇಲ್ಲದ ಗೊಂಬೆ

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಇಳಿದು, ಮನೆ ಸೇರಿ ಚಾ ಕುಡೀತಾ ಕೂತಿದ್ದೆ. ಅಪ್ಪಯ್ಯ ಜಗಲಿಯಲ್ಲಿ ಫೋನನ್ನು ಒಂದು ಕೈ ದೂರ ಹಿಡಿದುಕೊಂಡು ಕರೆಂಟ್ ಬಿಲ್ ಕಟ್ಟುವ ಸಾಹಸ ಮಾಡ್ತಾ ಇದ್ರು. ಪರದೆಯ ಮೇಲೆ ನೀಲಿ ಉಂಗುರವೊಂದು ಗಿರಗಿರ ತಿರುಗ್ತಾ ಇತ್ತು.

"ಏ ಮಾಣಿ, ಇಲ್ ಕಾಣ್. ಇದೆಂತ ಹೀಂಗ್ ತಿರ್ಗುದ್? ದುಡ್ಡ್ ಹೋಯ್ತಾ, ಇಲ್ಯಾ?"

"ಒಂಚೂರ್ ನಿಲ್ಲಿ ಅಪ್ಪಯ್ಯ, ಆತ್ತ್" ಅಂದೆ, ಚಾ ಲೋಟ ಕೆಳಗಿಡದೆ.

ಅಪ್ಪಯ್ಯ ಅರ್ಧ ನಿಮಿಷ ಕಾದರು. ಉಂಗುರ ತಿರುಗುತ್ತಲೇ ಇತ್ತು. ಹಿಂದೆ ಹೋಗಿ ಇನ್ನೊಮ್ಮೆ ಒತ್ತಿದರು. ಮಧ್ಯಾಹ್ನ ಎರಡು ಮೆಸೇಜು ಬಂತು. ಬಿಲ್ಲು ಎರಡು ಸಲ ಕಟ್ಟಿ ಆಗಿತ್ತು!

ದುಡ್ಡೇನೂ ಮುಳುಗಲಿಲ್ಲ, ಮುಂದಿನ ಬಿಲ್ಲಿಗೆ ವಜಾ ಆಯಿತು. ಆದರೆ ಅಪ್ಪಯ್ಯನ ವಿಶ್ವಾಸ ಮಾತ್ರ ವಾಪಸ್ ಬರಲಿಲ್ಲ. ಮುಂದಿನ ತಿಂಗಳು ಸ್ಕೂಟರ್ ಹತ್ತಿ ಕೌಂಟರಿಗೇ ಹೋಗಿ, ಸಾಲಿನಲ್ಲಿ ನಿಂತು ಕಟ್ಟಿ ಬಂದರಂತೆ.

ಆ ಆಪ್ ನಾನು ಮಾಡಿದ್ದಲ್ಲ. ಆದರೆ ಅಂಥದ್ದೇ ಉಂಗುರವನ್ನು ನಾನೂ ಮಾಡಿದ್ದೇನೆ. ಹೊಟ್ಟೆಪಾಡಿಗೆ ನಾನು ಮಾಡುವುದೇ ಅದು: ಪರದೆಯ ಮೇಲೆ ಗುಂಡಿಗಳನ್ನಿಡುವುದು, ಒತ್ತಿದರೆ ಅವು ಚೆಂದಕ್ಕೆ ಅಲುಗುವ ಹಾಗೆ ಮಾಡುವುದು, ಕಾಯಬೇಕಾದಲ್ಲಿ ಒಂದು ಉಂಗುರ ತಿರುಗಿಸಿ ಬಿಡುವುದು. ಆ ಉಂಗುರಕ್ಕೆ ಹಿಂದೆ ಏನು ನಡೀತಿದೆ ಅನ್ನುವುದು ಗೊತ್ತೇ ಇರುವುದಿಲ್ಲ. ಸರ್ವರ್ ಕೆಲಸ ಮಾಡ್ತಿದ್ದರೂ ತಿರುಗುತ್ತದೆ, ಸರ್ವರ್ ಸತ್ತು ಬಿದ್ದಿದ್ದರೂ ತಿರುಗುತ್ತದೆ. ಇಷ್ಟು ವರ್ಷ ಅದರಲ್ಲಿ ತಪ್ಪೇನಿದೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಯೋಚಿಸುವ ಹಾಗೆ ಮಾಡಿದ್ದು ಅದೇ ವಾರ ನೋಡಿದ ಒಂದು ಗೊಂಬೆಯಾಟ.

* * *

ಕುಂದಾಪುರದಿಂದ ತಲ್ಲೂರಿನ ಕಡೆ ಹೋದರೆ ಉಪ್ಪಿನಕುದ್ರು ಸಿಗುತ್ತದೆ. ಕುದ್ರು ಅಂದರೆ ಹೊಳೆಯ ನಡುವಿನ ನೆಲ, ನಡುಗಡ್ಡೆ. ಐದು ಹೊಳೆಗಳು ಸೇರಿ ಗಂಗೊಳ್ಳಿಯಲ್ಲಿ ಕಡಲಿಗೆ ಬೀಳುವ ನಮ್ಮ ಕಡೆ ಇಂಥ ಕುದ್ರುಗಳು ಬೇಕಾದಷ್ಟಿವೆ. ಉಪ್ಪಿನಕುದ್ರಿನ ಕಾಮತ್ ಮನೆತನದವರು ತಲೆಮಾರುಗಳಿಂದ ಸೂತ್ರದ ಗೊಂಬೆ ಆಡಿಸುತ್ತಾ ಬಂದಿದ್ದಾರೆ. ಮನೆತನದ ಲೆಕ್ಕದಲ್ಲಿ ಇದಕ್ಕೆ ಸುಮಾರು 350 ವರ್ಷ. ದೇವಣ್ಣ ಪದ್ಮನಾಭ ಕಾಮತರು, ಅವರ ಮಗ ಕೊಗ್ಗ ಕಾಮತರು, ಈಗ ಕೊಗ್ಗ ಕಾಮತರ ಮಗ ಭಾಸ್ಕರ ಕೊಗ್ಗ ಕಾಮತರು, ಹೀಗೆ ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿ ನಡೆದು ಬಂದಿದೆ. ಕೊಗ್ಗ ಕಾಮತರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಈ ಗೊಂಬೆಗಳು ವಿಮಾನ ಹತ್ತಿ ಎಷ್ಟೋ ದೇಶ ಸುತ್ತಿ ಬಂದಿವೆ. ನಾನು ಮಾತ್ರ ಇಷ್ಟು ಹತ್ತಿರ ಹುಟ್ಟಿಯೂ ಶಾಲೆಯಲ್ಲಿದ್ದಾಗ ಒಮ್ಮೆ ನೋಡಿದ್ದು ಬಿಟ್ಟರೆ ಆ ಕಡೆ ತಲೆ ಹಾಕಿರಲಿಲ್ಲ. ನಾಚಿಕೆ ಆಗತ್ತೆ ಹೇಳಿಕೊಳ್ಳೋಕೆ.

ಗೊಂಬೆ ಸುಮಾರು ಹದಿನೆಂಟು ಇಂಚು ಎತ್ತರ. ಮರದ್ದು. ವೇಷ ಮಾತ್ರ ಅಪ್ಪಟ ಬಡಗುತಿಟ್ಟು ಯಕ್ಷಗಾನದ್ದು. ಭುಜ, ಮೊಣಕೈ, ಸೊಂಟ, ಮೊಣಕಾಲಿಗೆಲ್ಲ ಕೀಲು. ಒಂದು ಗೊಂಬೆಗೆ ಐದರಿಂದ ಏಳು ದಾರ, ದಾರಗಳ ಇನ್ನೊಂದು ತುದಿ ಆಡಿಸುವವರ ಕೈಯಲ್ಲಿ. ಕಷ್ಟದ ಚಲನೆ ಇದ್ದರೆ ಒಂದೇ ಗೊಂಬೆಯನ್ನು ಇಬ್ಬರು ಮೂವರು ಸೇರಿ ಆಡಿಸುವುದೂ ಉಂಟು.

ಆವತ್ತು ಅಪ್ಪಯ್ಯನ ಪಕ್ಕ ಕೂತು ಕಣ್ಣು ಬಿಟ್ಟು ನೋಡಿದೆ. ಗೊಂಬೆಯ ಮುಖ ಬದಲಾಗುವುದಿಲ್ಲ. ಕೆತ್ತಿದವರು ಹೇಗೆ ಕೆತ್ತಿದ್ದಾರೋ ಹಾಗೆಯೇ. ಸಿಟ್ಟು ಬಂದರೂ ಅದೇ ಮುಖ, ಅತ್ತರೂ ಅದೇ ಮುಖ. ಹಾಗಿದ್ದರೂ ಸಿಟ್ಟು ಯಾವುದು ದುಃಖ ಯಾವುದು ಅಂತ ನಮಗೆ ಗೊತ್ತಾಗತ್ತಲ್ಲ! ತಲೆ ಎಷ್ಟು ಬೇಗ ಎತ್ತಿತು, ಕೈ ಎಷ್ಟು ನಿಧಾನ ಇಳಿಯಿತು, ಹೆಜ್ಜೆ ಗಟ್ಟಿ ಬಿತ್ತೋ ಮೆಲ್ಲಗೆ ಬಿತ್ತೋ, ಇಷ್ಟರಲ್ಲೇ ಎಲ್ಲ ಹೇಳಬೇಕು. ಗೊಂಬೆಗೆ ಚಲನೆಯೇ ಮಾತು.

ಎರಡನೆಯದು ಕಾಲು. ದಾರದಲ್ಲಿ ತೂಗುವ ಗೊಂಬೆ ಸ್ವಲ್ಪ ಮೇಲೆ ಹೋದರೆ ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತದೆ, ಸ್ವಲ್ಪ ಕೆಳಗೆ ಬಂದರೆ ಕುಸಿದ ಹಾಗೆ. ಪಾದ ನೆಲಕ್ಕೆ ಸರಿಯಾಗಿ ತಾಗಿದರೆ ಮಾತ್ರ ಅದು 'ನಡೆಯುತ್ತದೆ', ಅದಕ್ಕೊಂದು ತೂಕ ಬರುತ್ತದೆ.

ಮೂರನೆಯದು ನನ್ನ ತಲೆಯಲ್ಲಿ ಉಳಿದು ಹೋದದ್ದು. ರಂಗದ ಮೇಲೆ ಮೂರು ಗೊಂಬೆ ಇದ್ದರೂ ಮಾತಾಡುವ ಗೊಂಬೆ ಮಾತ್ರ ಅಲುಗುತ್ತದೆ. ಉಳಿದವು ಸುಮ್ಮನೆ. ಗೊಂಬೆಯ ಬಾಯಿ ಬಿಚ್ಚುವುದಿಲ್ಲ, ದನಿ ಬರುವುದು ಎಲ್ಲಿಂದಲೋ. ಯಾರು ಮಾತಾಡಿದ್ದು ಅಂತ ಪ್ರೇಕ್ಷಕನಿಗೆ ಗೊತ್ತಾಗುವುದು ಆ ಅಲುಗಾಟದಿಂದ ಮಾತ್ರ. ಸುಮ್ಮನಿರಬೇಕಾದ ಗೊಂಬೆ ಅಲುಗಿದರೆ ಕತೆ ತಪ್ಪಿ ಹೋಗುತ್ತದೆ.

ಪಕ್ಕದಲ್ಲಿ ಅಪ್ಪಯ್ಯ ತಲೆದೂಗುತ್ತಾ ನೋಡ್ತಿದ್ರು. ಅವರಿಗೆ ಒಂದು ಸಲವೂ "ಇದೆಂತ ತಿರ್ಗುದ್?" ಅಂತ ಕೇಳಬೇಕಾಗಿ ಬರಲಿಲ್ಲ.

* * *

ನಮ್ಮ ಕಡೆಯವರಿಗೆ ಇದೇನು ಹೊಸದಲ್ಲ. ಯಕ್ಷಗಾನ ನೋಡಿ ಬೆಳೆದವರಿಗೆಲ್ಲ ಇದು ಗೊತ್ತಿರುವುದೇ, ಗೊತ್ತಿದೆ ಅಂತ ಗೊತ್ತಿಲ್ಲ ಅಷ್ಟೆ.

ನನ್ನ ಅಜ್ಜಿಮನೆ ಬೈಂದೂರಿನ ಕಡೆ. ಕೊಯ್ಲು ಮುಗಿದ ಗದ್ದೆಯಲ್ಲಿ ಮಾರಣಕಟ್ಟೆ ಮೇಳದ ಹರಕೆ ಆಟ. ಸಂಬಂಧಿಕರ ಮನೆ ಬ್ರಹ್ಮಾವರದ ಕಡೆ, ಅಲ್ಲಿ ಮಂದಾರ್ತಿ ಮೇಳದ ಆಟ. (ಆಗ ಇವೆಲ್ಲ ಬೇರೆ ಬೇರೆ ತಾಲೂಕು ಆಗಿರಲಿಲ್ಲ. ಬೈಂದೂರು, ಬ್ರಹ್ಮಾವರ ತಾಲೂಕಾದದ್ದು 2018ರಲ್ಲಿ.) ಚಾಪೆ ಹಾಸಿಕೊಂಡು ಕೂತ ಮಕ್ಕಳಲ್ಲಿ ಅರ್ಧಕ್ಕರ್ಧ ಹತ್ತೂವರೆಗೆ ಮಲಗಿ ಆಗುತ್ತಿತ್ತು. ಬಣ್ಣದ ವೇಷ ಬರುವಾಗ ಮಾತ್ರ ದೊಡ್ಡವರು ತಟ್ಟಿ ಎಬ್ಬಿಸುತ್ತಿದ್ದರು.

ಘಟ್ಟದ ಮೇಲಿನ ಗೆಳೆಯರಿಗಾಗಿ ಹೇಳುತ್ತೇನೆ. ರಕ್ಕಸ ಒಮ್ಮೆಲೇ ರಂಗಕ್ಕೆ ಬಂದು ನಿಲ್ಲುವುದಿಲ್ಲ. ಮೊದಲು ಚಂಡೆಯ ಪೆಟ್ಟು ಏರುತ್ತದೆ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ತೆರೆಯ ಹಿಂದಿನಿಂದ ಆರ್ಭಟೆ ಕೇಳುತ್ತದೆ. ಕಿರೀಟದ ತುದಿ ಕಾಣುತ್ತದೆ, ಮರೆಯಾಗುತ್ತದೆ. ಮತ್ತೆ ಸ್ವಲ್ಪ ಮುಖ. ಮತ್ತೆ ಮರೆ. ಹಿಂದಿನ ಕಾಲದಲ್ಲಿ ದೊಂದಿಗೆ ರಾಳ ಎಸೆದು ಭಗ್ಗನೆ ಬೆಂಕಿ ಏಳಿಸುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಇದೆಲ್ಲ ಆಗಿ ತೆರೆ ಸರಿಯುವ ಹೊತ್ತಿಗೆ ಬಂದವನು ಯಾರು, ಎಂಥವನು, ಎಷ್ಟು ದೊಡ್ಡವನು ಅನ್ನುವುದು ಮಲಗಿ ಎದ್ದ ಮಗುವಿಗೂ ಗೊತ್ತಾಗಿರುತ್ತದೆ. ಇದೇ ಒಡ್ಡೋಲಗ. ಪಾತ್ರ ಪ್ರವೇಶದ ಕ್ರಮ.

ಇನ್ನೊಂದು ಪ್ರಯಾಣ ಕುಣಿತ. ರಂಗದ ಮೇಲೆ ಕಾಡಿಲ್ಲ, ಅರಮನೆ ಇಲ್ಲ, ಇರುವುದು ಒಂದು ರಥ ಅಥವಾ ಸಿಂಹಾಸನ. ಪಾತ್ರಧಾರಿ "ದ್ವಾರಕೆಗೆ ಹೋಗುತ್ತೇನೆ" ಅಂತಾನೆ, ಭಾಗವತರು ಪದ್ಯ ಎತ್ತುತ್ತಾರೆ, ಅವನು ರಂಗದಲ್ಲಿ ಕುಣಿಯುತ್ತಾ ಸುತ್ತು ಹಾಕುತ್ತಾನೆ, ನಿಲ್ಲುತ್ತಾನೆ. ದ್ವಾರಕೆ ಬಂತು! ನಾವು ಯಾರೂ ಎಲ್ಲಿದ್ದೇವೆ ಅಂತ ಗೊಂದಲ ಮಾಡಿಕೊಳ್ಳುವುದಿಲ್ಲ. ಯಾಕೆಂದರೆ ಅವನು ಹೋದದ್ದನ್ನು ಕಣ್ಣಾರೆ ಕಂಡಿದ್ದೇವೆ.

ಚಲನೆ ಎಷ್ಟು ಹೇಳಬಲ್ಲದು ಅನ್ನುವುದರ ಬಗ್ಗೆ ತಲೆ ಕೆಡಿಸಿಕೊಂಡ ದೊಡ್ಡವರು ನಮ್ಮ ಪಕ್ಕದ ಕೋಟದಲ್ಲೇ ಹುಟ್ಟಿದ್ದರು. ಶಿವರಾಮ ಕಾರಂತರು. 'ಯಕ್ಷಗಾನ ಬಯಲಾಟ' ಎಂಬ ಅವರ ಸಂಶೋಧನಾ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಮೇಲೆ ಅವರು ಮಾತುಗಾರಿಕೆಯನ್ನು ಬಿಟ್ಟು ಕುಣಿತ, ಹಾಡು, ವೇಷಗಳಿಂದಲೇ ಕಥೆ ಹೇಳುವ ಯಕ್ಷಗಾನ ಬ್ಯಾಲೆ ಮಾಡಿದರು. ಅದನ್ನು ಒಪ್ಪಿದವರೂ ಇದ್ದಾರೆ, ಬೈದವರೂ ಇದ್ದಾರೆ. ಆದರೆ ಅಲ್ಲಿ ಅವರು ಕೇಳಿಕೊಂಡ ಪ್ರಶ್ನೆ ನನ್ನ ಕೆಲಸದ್ದೂ ಹೌದು: ಮಾತಿಲ್ಲದೆ, ಅಲುಗಾಟ ಒಂದರಿಂದಲೇ, ನೋಡುವವನಿಗೆ ಎಷ್ಟನ್ನು ಮುಟ್ಟಿಸಬಹುದು?

* * *

ಕಂಪ್ಯೂಟರಿನವರು ಈ ಪ್ರಶ್ನೆಗೆ ಬಂದದ್ದು ಸುತ್ತು ದಾರಿಯಲ್ಲಿ, ಕಾರ್ಟೂನ್ ಸಿನೆಮಾಗಳ ಮೂಲಕ.

ಮೊದಮೊದಲ ಪರದೆಗಳಲ್ಲಿ ಚಲನೆ ಅನ್ನುವುದೇ ಇರಲಿಲ್ಲ ಅನ್ನಬಹುದು. ಒಂದು ಚಿತ್ರ ಅಳಿಸು, ಇನ್ನೊಂದು ಬರೆ. 1984ರಲ್ಲಿ ಬಂದ ಆಪಲ್ ಕಂಪನಿಯ ಮ್ಯಾಕಿಂಟಾಷ್‌ನಲ್ಲಿ ಒಂದು ಸಣ್ಣ ಉಪಾಯ ಇತ್ತು. ಫೋಲ್ಡರಿನ ಚಿತ್ರದ ಮೇಲೆ ಎರಡು ಸಲ ಒತ್ತಿದರೆ ಆ ಚಿತ್ರದಿಂದ ಶುರುವಾಗಿ ಚೌಕಗಳು ಒಂದರ ನಂತರ ಒಂದು ದೊಡ್ಡದಾಗುತ್ತಾ ಹೋಗಿ, ಕೊನೆಗೆ ಕಿಟಕಿ ತೆರೆದುಕೊಳ್ಳುತ್ತಿತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತು. ಆದರೆ ಈ ಕಿಟಕಿ ಬಂದದ್ದು ಆ ಫೋಲ್ಡರಿನೊಳಗಿಂದ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪ್ರಯಾಣ ಕುಣಿತವೇ ಅಲ್ಲವಾ ಇದು!

ಡಿಸ್ನಿಯ ಹಳೆಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಬರೆದ ಪುಸ್ತಕದಲ್ಲಿ ಅನಿಮೇಶನ್ನಿನ ಹನ್ನೆರಡು ಸೂತ್ರಗಳನ್ನು ಪಟ್ಟಿ ಮಾಡಿದ್ದರು. ಹಾರುವ ಮೊದಲು ಮಂಡಿ ಬಗ್ಗಬೇಕು. ಚಲನೆ ನಿಧಾನಕ್ಕೆ ಶುರುವಾಗಿ ನಿಧಾನಕ್ಕೆ ನಿಲ್ಲಬೇಕು. ವಸ್ತುವಿಗೆ ತೂಕ ಇದೆ ಅಂತ ಅನಿಸಬೇಕು, ಹೀಗೆ. 1991ರಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾಲಯದ ರಾಬರ್ಟ್‌ಸನ್, ಮ್ಯಾಕಿನ್ಲೆ, ಕಾರ್ಡ್ ಎಂಬ ಮೂವರು 'ಕೋನ್ ಟ್ರೀ' ಅಂತ ಒಂದನ್ನು ಮಾಡಿ ತೋರಿಸಿದರು. ಮರದ ಹಾಗೆ ಜೋಡಿಸಿದ ಮಾಹಿತಿ. ಒಂದನ್ನು ಆರಿಸಿದರೆ ಇಡೀ ಮರ ಮೆಲ್ಲಗೆ ತಿರುಗಿ ಅದನ್ನು ಮುಂದಕ್ಕೆ ತರುತ್ತಿತ್ತು. ಒಮ್ಮೆಲೇ ಬದಲಾಗಿಬಿಟ್ಟರೆ ಯಾವುದು ಎಲ್ಲಿ ಹೋಯಿತು ಅಂತ ಹುಡುಕುವ ಕೆಲಸ ನಮ್ಮ ತಲೆಯ ಮೇಲೆ ಬೀಳುತ್ತದೆ. ತಿರುಗುವುದನ್ನು ಕಂಡರೆ ಕಣ್ಣೇ ಆ ಕೆಲಸ ಮುಗಿಸಿ ಬಿಡುತ್ತದೆ.

1993ರಲ್ಲಿ ಬೇ-ವೇ ಚಾಂಗ್ ಮತ್ತು ಡೇವಿಡ್ ಅಂಗರ್ ಇವರ ಒಂದು ಪ್ರಬಂಧ ಬಂತು. ಕಾರ್ಟೂನಿನ ಚಲನೆಯನ್ನು ಕಂಪ್ಯೂಟರಿನ ಪರದೆಗೆ ತರುವುದು ಹೇಗೆ ಅಂತ. 'ಸೆಲ್ಫ್' ಎಂಬ ಪ್ರೋಗ್ರಾಮಿಂಗ್ ಭಾಷೆಯ ಪರದೆಯಲ್ಲಿ ಅವರು ಇದನ್ನು ಮಾಡಿಯೂ ತೋರಿಸಿದ್ದರು. ವಸ್ತು ಥಟ್ಟನೆ ಪ್ರತ್ಯಕ್ಷ ಆಗಬಾರದು, ಹೊರಗಿನಿಂದ ಬರಬೇಕು ಅಥವಾ ಒಂದು ಬಿಂದುವಿನಿಂದ ಬೆಳೆಯಬೇಕು. ಅದು ಘನವಾದ ವಸ್ತು ಅಂತ ಕಾಣಬೇಕು. ಹೊರಡುವ ಮೊದಲು ಸ್ವಲ್ಪ ಸೂಚನೆ ಕೊಡಬೇಕು. ಇದನ್ನು ನಾನು ಮೊದಲು ಓದಿದ್ದು ಕೆಲಸಕ್ಕೆ ಸೇರಿದ ಹೊಸತರಲ್ಲಿ. ಈಗ ಮತ್ತೆ ತೆಗೆದು ಓದಿದರೆ ತೆರೆಯ ಹಿಂದಿನ ಕಿರೀಟ, ನೆಲಕ್ಕೆ ತಾಗುವ ಗೊಂಬೆಯ ಪಾದ ಎರಡೂ ಅದರಲ್ಲಿ ಕಂಡವು.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿದೆ. ಹಾಗಾದರೆ ಅಪ್ಪಯ್ಯನ ಉಂಗುರ ಎಲ್ಲಿ ದಾರಿ ತಪ್ಪಿತು?

* * *

ಕಾಯುವ ಹೊತ್ತಿನ ಚರಿತ್ರೆ ಬೇರೆಯೇ ಇದೆ.

ಐಬಿಎಮ್‌ನ ರಾಬರ್ಟ್ ಮಿಲ್ಲರ್ 1968ರಲ್ಲೇ ಕಂಪ್ಯೂಟರ್ ಎಷ್ಟು ಹೊತ್ತಿನಲ್ಲಿ ಉತ್ತರ ಕೊಡಬೇಕು ಅಂತ ಬರೆದಿದ್ದರು. ಮುಂದೆ ಯಾಕೋಬ್ ನೀಲ್ಸನ್ 1993ರ ತಮ್ಮ ಪುಸ್ತಕದಲ್ಲಿ ಅದನ್ನು ಎಲ್ಲರ ನೆನಪಿನಲ್ಲಿ ಉಳಿಯುವ ಹಾಗೆ ಹೇಳಿದರು. ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಉತ್ತರ ಬಂದರೆ ನಾನು ಒತ್ತಿದ್ದಕ್ಕೇ ಆಯಿತು ಅನಿಸುತ್ತದೆ. ಒಂದು ಸೆಕೆಂಡಿನವರೆಗೆ ಯೋಚನೆಯ ಎಳೆ ತುಂಡಾಗುವುದಿಲ್ಲ. ಹತ್ತು ಸೆಕೆಂಡು ದಾಟಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ.

ಟೊರಾಂಟೊದಲ್ಲಿ ವಿದ್ಯಾರ್ಥಿಯಾಗಿದ್ದ ಬ್ರಾಡ್ ಮಯರ್ಸ್ 1985ರಲ್ಲಿ ಪ್ರಯೋಗ ಮಾಡಿ, ಕೆಲಸ ಶೇಕಡಾ ಎಷ್ಟು ಮುಗಿದಿದೆ ಅಂತ ತೋರಿಸುವ ಪಟ್ಟಿ ಇದ್ದರೆ ಜನ ಅದನ್ನೇ ಇಷ್ಟಪಡುತ್ತಾರೆ ಅಂತ ತೋರಿಸಿದರು. ಆ ಪಟ್ಟಿ ತುಂಬುತ್ತಾ ಹೋಗುವುದೂ ಚಲನೆಯೇ. ಆದರೆ ಅದರ ಹಿಂದೆ ನಿಜವಾದ ಒಂದು ಲೆಕ್ಕ ಇದೆ.

ಮ್ಯಾಕಿಂಟಾಷ್‌ಗೆ 1987ರಲ್ಲಿ ಹೈಪರ್‌ಕಾರ್ಡ್ ಅಂತ ಒಂದು ತಂತ್ರಾಂಶ ಬಂತು. ಅದರಲ್ಲಿ ಕಾಯಬೇಕಾದಾಗ ತೋರಿಸಲು ಚೆಂಡಿನ ಹಾಗಿದ್ದ ಒಂದು ಗುರುತು ಇತ್ತು. ಅದು ತಾನಾಗಿ ತಿರುಗುತ್ತಿರಲಿಲ್ಲ! ಪ್ರೋಗ್ರಾಮು ತನ್ನ ಕೆಲಸದ ನಡುವೆ ಒಂದೊಂದು ಸಲ "ತಿರುಗು" ಅಂತ ಆಜ್ಞೆ ಕೊಟ್ಟಾಗ ಎಂಟನೇ ಒಂದು ಸುತ್ತು ತಿರುಗುತ್ತಿತ್ತು. ಇನ್ನೊಂದು ಆಜ್ಞೆ, ಇನ್ನೊಂದಿಷ್ಟು. ಕೆಲಸ ನಿಂತರೆ ಚೆಂಡೂ ನಿಂತಿತು. ಅಂದರೆ ಆ ಚೆಂಡಿಗೆ ದಾರ ಕಟ್ಟಿತ್ತು, ದಾರದ ತುದಿ ಕೆಲಸ ಮಾಡುವವನ ಕೈಯಲ್ಲಿತ್ತು.

2001ರಲ್ಲಿ ಅದೇ ಕಂಪನಿಯ ಮ್ಯಾಕ್ ಓಎಸ್ ಎಕ್ಸ್ ಬಂದಾಗ ಬಣ್ಣಬಣ್ಣದ ಒಂದು ಚಕ್ರ ಬಂತು. ನೋಡೋಕೆ ಎಷ್ಟು ಚೆಂದ, ಎಷ್ಟು ನುಣುಪು! ಆದರೆ ಅದು ಬರುವುದು ಪ್ರೋಗ್ರಾಮು ಉತ್ತರ ಕೊಡುವುದನ್ನು ನಿಲ್ಲಿಸಿದಾಗ. ಅದನ್ನು ತಿರುಗಿಸುವುದು ಆ ಪ್ರೋಗ್ರಾಮು ಅಲ್ಲ, ಪರದೆಯನ್ನು ನೋಡಿಕೊಳ್ಳುವ ಬೇರೊಂದು ವ್ಯವಸ್ಥೆ. ಹೈಪರ್‌ಕಾರ್ಡಿನ ಚೆಂಡು ತಿರುಗಿದರೆ ಕೆಲಸ ನಡೀತಿದೆ ಅಂತ ಅರ್ಥ. ಈ ಚಕ್ರ ತಿರುಗಿದರೆ ಕೆಲಸ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ಹದಿನಾಲ್ಕು ವರ್ಷದಲ್ಲಿ ಅದೇ ತಿರುಗಾಟದ ಅರ್ಥ ಪೂರಾ ತಲೆಕೆಳಗಾಯಿತು.

ಜಾಲತಾಣಗಳಲ್ಲಿ ಇನ್ನೂ ಸುಲಭ ಆಯಿತು. 1996ರ ನೆಟ್‌ಸ್ಕೇಪ್ 2.0ರಲ್ಲಿ ಜಿಫ್ ಚಿತ್ರಗಳು ಕೊನೆಯಿಲ್ಲದೆ ಸುತ್ತಿ ಸುತ್ತಿ ಓಡುವ ವ್ಯವಸ್ಥೆ ಬಂತು. 2005ರಲ್ಲಿ ಅಜಾಕ್ಸ್ ಎಂಬ ಹೆಸರು ಹುಟ್ಟಿ, ಪುಟವಿಡೀ ಬದಲಾಗದೆ ತುಣುಕು ತುಣುಕಾಗಿ ಮಾಹಿತಿ ತರಿಸುವುದು ಫ್ಯಾಶನ್ ಆದಾಗ, ಎಲ್ಲರೂ ಒಂದು ತಿರುಗುವ ಜಿಫ್ ಉಂಗುರ ತಂದು ಅಂಟಿಸಿದರು. ಅದು ಬರೀ ಚಿತ್ರ. ಯಾರ ಕೈಗೂ ಕಟ್ಟಿಲ್ಲ. ಯಾರೂ ಆಡಿಸದೆ ತಾನಾಗಿ ಕುಣಿಯುವ ಗೊಂಬೆ. ಅಪ್ಪಯ್ಯನ ಫೋನಿನಲ್ಲಿದ್ದದ್ದು ಅದರ ಮೊಮ್ಮಗ.

* * *

ಇದೇ ಹೊತ್ತಿಗೆ ಇನ್ನೊಂದು ರೋಗವೂ ಅಂಟಿತು. ಹೇಳುವುದಕ್ಕೇನೂ ಇಲ್ಲದಿದ್ದರೂ ಅಲುಗುವ ರೋಗ. ನೆನಪಿದೆಯಾ? ಮಿಣಕ್ ಮಿಣಕ್ ಅನ್ನುವ ಅಕ್ಷರಗಳು, ಪುಟದ ಮೇಲ್ತುದಿಯಲ್ಲಿ ಬಲದಿಂದ ಎಡಕ್ಕೆ ಓಡುವ "ನಮ್ಮ ತಾಣಕ್ಕೆ ಸುಸ್ವಾಗತ", ಪುಟ ತೆರೆಯುವ ಮೊದಲು ಬರುವ ಫ್ಲಾಶ್ ಮೆರವಣಿಗೆ, ಮೂಲೆಯಲ್ಲಿ ಅದನ್ನು ದಾಟಿ ಹೋಗಲು ಒಂದು ಸಣ್ಣ ಕೊಂಡಿ. ಮಿಣುಕುವ ಅಕ್ಷರವನ್ನು ಫೈರ್‌ಫಾಕ್ಸ್ 2013ರಲ್ಲಿ ಕಿತ್ತು ಹಾಕಿತು. ಫ್ಲಾಶ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಯಾರೂ ಅತ್ತ ಹಾಗೆ ಕಾಣಲಿಲ್ಲ :)

ಯಕ್ಷಗಾನದಲ್ಲೂ ಈ ತಕರಾರು ಇದೆಯಲ್ಲ. ಕತೆಗೆ ಬೇಕೋ ಬೇಡವೋ, ಚಪ್ಪಾಳೆ ಬೀಳುತ್ತದೆ ಅಂತ ಮಂಡಿಯ ಮೇಲೆ ಸುತ್ತು ಹಾಕುತ್ತಲೇ ಇರುವುದು. ಚಪ್ಪಾಳೆ ಹೊಡೆಯುವವರಲ್ಲಿ ನಾನೂ ಒಬ್ಬ, ಸುಳ್ಳು ಯಾಕೆ ಹೇಳಲಿ. ಆದರೆ ಆಟಕ್ಕೆ ನಾವು ಹೋಗುವುದು ವರ್ಷಕ್ಕೆ ನಾಲ್ಕು ಸಲ. ಫೋನಿನ ಒಂದು ಗುಂಡಿಯನ್ನು ದಿನಕ್ಕೆ ನಲವತ್ತು ಸಲ ಒತ್ತುತ್ತೇವೆ. ಮೊದಲ ಸಲ ಚೆಂದ ಕಂಡ ಕುಣಿತ ನಲವತ್ತನೇ ಸಲ ದಾರಿಗೆ ಅಡ್ಡ ನಿಂತ ದನದ ಹಾಗೆ.

ಚೆಂದ ಬೇಡ ಅನ್ನುವಷ್ಟಕ್ಕೇ ಇದು ಮುಗಿಯುವುದಿಲ್ಲ, ದೇಹಕ್ಕೂ ತಾಗುತ್ತದೆ. 2013ರ ಸೆಪ್ಟೆಂಬರಿನಲ್ಲಿ ಐಫೋನಿನ ಐಓಎಸ್ 7 ಬಂದಾಗ, ಆಪ್ ತೆರೆದರೆ ಪರದೆ ಮುಖಕ್ಕೇ ನುಗ್ಗಿ ಬಂದ ಹಾಗೆ ಕಾಣುವ ಚಲನೆ ನೋಡಿ ಎಷ್ಟೋ ಜನರಿಗೆ ತಲೆಸುತ್ತು, ವಾಕರಿಕೆ ಬಂತು. ನನ್ನ ಅಮ್ಮನಿಗೆ ಹುಲಿಕಲ್ ಘಾಟಿ ಹತ್ತುವಾಗ ಬಸ್ಸಿನಲ್ಲಿ ಆಗುವುದೂ ಅದೇ ಜಾತಿಯದು. ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಇನ್ನೊಂದು ಹೇಳುತ್ತದೆ. ಮುಂದಿನ ತಿಂಗಳೇ ಬಂದ ತಿದ್ದುಪಡಿಯಲ್ಲಿ, ಚಲನೆ ಕಡಿಮೆ ಮಾಡು ಅಂತ ಆರಿಸಿಕೊಂಡವರಿಗೆ ಆ ನುಗ್ಗಾಟದ ಬದಲು ಒಂದು ಚಿತ್ರ ಇನ್ನೊಂದರಲ್ಲಿ ಮೆಲ್ಲಗೆ ಕರಗುವ ಹಾಗೆ ಮಾಡಿದರು. 2017ರಿಂದ, ಮೊದಲು ಸಫಾರಿಯಲ್ಲಿ, ಜಾಲತಾಣಗಳೂ ಈ ಆಯ್ಕೆಯನ್ನು ತಿಳಿದುಕೊಳ್ಳುವ ದಾರಿ ಬಂತು. ಸಿ.ಎಸ್.ಎಸ್.ನಲ್ಲಿ ಎರಡು ಮೂರು ಸಾಲು ಬರೆದರೆ ಸಾಕು. ಬರೆಯುವವರು ಎಷ್ಟು ಜನ? ನಾನು ಕೆಲಸಕ್ಕೆ ಸೇರಿದ ಮೊದಲ ಮೂರು ವರ್ಷ ಬರೆದಿರಲಿಲ್ಲ.

* * *

ಬೆಂಗಳೂರಿಗೆ ವಾಪಸ್ ಬಂದ ಮೇಲೆ ನಾನು ಕೆಲಸ ಮಾಡುವ ಪ್ರಾಜೆಕ್ಟಿನಲ್ಲಿ ಎಷ್ಟು ಉಂಗುರ ಇದೆ ಅಂತ ಎಣಿಸಿದೆ. ಹದಿನೇಳು. ಒಂದಕ್ಕೂ ದಾರ ಇಲ್ಲ.

ಮೀಟಿಂಗಿನಲ್ಲಿ ಬಾಯಿ ಬಿಟ್ಟೆ. ಗುಂಡಿ ಒತ್ತಿದ ತಕ್ಷಣ, ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಗುಂಡಿ ಒಳಕ್ಕೆ ಹೋಗಿ ಮಂಕಾಗಬೇಕು. "ನೀವು ಒತ್ತಿದ್ದು ಸಿಕ್ಕಿತು, ಇನ್ನು ಒತ್ತಲು ಬರುವುದಿಲ್ಲ" ಅಂತ ಅದರ ಅರ್ಥ. ಆಮೇಲೆ ಉಂಗುರ ತಾನಾಗಿ ತಿರುಗಬಾರದು. ಬೇಡಿಕೆ ಹೊರಟಾಗ ಒಂದು ಪಾಲು ತುಂಬಬೇಕು, ಬ್ಯಾಂಕು ತಗೊಂಡೆ ಅಂದಾಗ ಇನ್ನೊಂದು ಪಾಲು, ಉತ್ತರ ಬಂದಾಗ ಪೂರ್ತಿ. ಹತ್ತು ಸೆಕೆಂಡಾದರೂ ಉತ್ತರ ಇಲ್ಲದಿದ್ದರೆ ಉಂಗುರ ನಿಂತೇ ಬಿಡಬೇಕು, "ಬ್ಯಾಂಕಿನಿಂದ ಇನ್ನೂ ಉತ್ತರ ಬಂದಿಲ್ಲ, ಮತ್ತೆ ಕಟ್ಟಬೇಡಿ, ಗೊತ್ತಾದ ಕೂಡಲೇ ತಿಳಿಸುತ್ತೇವೆ" ಅಂತ ನೆಟ್ಟಗೆ ಬರೆಯಬೇಕು. ಇವೆಲ್ಲದರ ಜೊತೆ, ಒಂದು ಬೇಡಿಕೆಗೆ ಒಂದೇ ಗುರುತಿನ ಸಂಖ್ಯೆ ಇರಬೇಕು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಅದನ್ನು ಬೇರೆ ಪಾವತಿ ಅಂತ ಎಣಿಸಬಾರದು. ಪರದೆ ಎಷ್ಟೇ ಸತ್ಯ ಹೇಳಿದರೂ ಹಿಂದಿನ ಲೆಕ್ಕ ಗಟ್ಟಿ ಇಲ್ಲದಿದ್ದರೆ ಅಪ್ಪಯ್ಯನ ಬಿಲ್ಲು ಎರಡು ಸಲ ಹೋಗಿಯೇ ಹೋಗುತ್ತದೆ.

"ಉಂಗುರ ನಿಂತರೆ ಆಪ್ ಹ್ಯಾಂಗ್ ಆಗಿದೆ ಅಂದ್ಕೋತಾರೆ ಜನ" ಅಂದ ಡಿಸೈನ್ ಮಾಡುವ ಗೆಳೆಯ.

"ಹ್ಯಾಂಗ್ ಆಗಿದೆಯಲ್ಲ ಮಾರಾಯ!" ಅಂದೆ.

ಎಲ್ಲರೂ ನಕ್ಕರು. ಅವನ ಮಾತಿನಲ್ಲೂ ಸತ್ಯ ಇತ್ತು. ಏನೂ ಅಲುಗದ ಪರದೆ ನೋಡಿದರೆ ಜನಕ್ಕೆ ಗಾಬರಿ ಆಗುವುದು ಹೌದು, ಗಾಬರಿಯಾದವನು ಮತ್ತೆ ಮತ್ತೆ ಒತ್ತುವುದೂ ಹೌದು. ಅದಕ್ಕೇ ನಿಂತ ಉಂಗುರದ ಜೊತೆ ಸ್ಪಷ್ಟವಾದ ಮಾತು ಬೇಕು ಅಂತ ವಾದ ಮಾಡಿದೆ. ಕೊನೆಗೆ ಹಣ ಕಟ್ಟುವ ಮೂರು ಪರದೆಗಳಿಗೆ ಮಾತ್ರ ಒಪ್ಪಿಗೆ ಸಿಕ್ಕಿತು. ಉಳಿದ ಹದಿನಾಲ್ಕು ಉಂಗುರ ಇನ್ನೂ ಹಾಗೆಯೇ ತಿರುಗುತ್ತಿವೆ.

ಉಳಿದ ಕಡೆ ನಾನು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದೇನೆ. ಇದು ಅಲುಗಿದರೆ ಯಾರು ಮಾತಾಡಿದ ಹಾಗೆ? ಪಟ್ಟಿಯಿಂದ ಒಂದು ಸಾಲು ಅಳಿಸಿದಾಗ ಕೆಳಗಿನ ಸಾಲುಗಳು ಮೆಲ್ಲಗೆ ಮೇಲೆ ಸರಿದರೆ, ಇದ್ದದ್ದು ಹೋಯಿತು, ಉಳಿದವು ಇವು ಅಂತ ಅದು ಹೇಳುತ್ತದೆ. ಅದಕ್ಕೆ 0.3 ಸೆಕೆಂಡು ಸಾಕು. ಸೆಕೆಂಡಿಗೆ 60 ಚಿತ್ರ ತೋರಿಸುವ ಫೋನಿನಲ್ಲಿ ಅಷ್ಟರಲ್ಲಿ 18 ಚಿತ್ರ ಬಂದು ಹೋಗುತ್ತವೆ, ಕಣ್ಣಿಗೆ ದಂಡಿಯಾಯಿತು. ಬರೀ ನಾನು ಇಲ್ಲಿದ್ದೇನೆ ನೋಡಿ ಅನ್ನುವುದಕ್ಕೆ ಪುಟಿಯುವ ಗುಂಡಿ ಯಾರ ಮಾತನ್ನೂ ಆಡುವುದಿಲ್ಲ. ಅದನ್ನು ಸುಮ್ಮನೆ ನಿಲ್ಲಿಸುತ್ತೇನೆ, ಮಾತಿಲ್ಲದ ಗೊಂಬೆಯ ಹಾಗೆ.

ಹೋದ ವಾರ ಫೋನಿನಲ್ಲಿ ಅಪ್ಪಯ್ಯನಿಗೆ ಇದನ್ನೆಲ್ಲ ವಿವರಿಸಿದೆ. ನಾವು ಮಾಡಿದ್ದರಲ್ಲಿ ಹಣ ಹೋಯಿತೋ ಇಲ್ಲವೋ ಅಂತ ಈಗ ಸರಿಯಾಗಿ ಗೊತ್ತಾಗುತ್ತದೆ ಅಂತ. ಪೂರ್ತಿ ಕೇಳಿಸಿಕೊಂಡರು.

"ಅದ್ ಸರಿ ಮಾಣಿ. ನಾ ಬಿಲ್ ಕಟ್ಟುದ್ ನಿನ್ ಆಪಲ್ಲ್ ಅಲ್ಲ ಅಲ್ದಾ?"

ಅಲ್ಲ. ಈ ತಿಂಗಳೂ ಸ್ಕೂಟರ್ ಹತ್ತಿ ಕೌಂಟರಿಗೇ ಹೋಗಿದ್ದರು.

ಉಪ್ಪಿನಕುದ್ರಿನ ಕಡೆ ಹೋದರೆ ಒಮ್ಮೆ ಗೊಂಬೆಯಾಟ ನೋಡಿ ಬನ್ನಿ. ಪರದೆಗೆ ಏನಾದರೂ ಬರೆಯುವ ಕೆಲಸದವರಾದರೆ ಖಂಡಿತ ನೋಡಿ. ನಿಮ್ಮ ಊರ ಕಡೆಯೂ ಹೀಗೆ ಮಾತಿಗಿಂತ ಮೊದಲು ಚಲನೆಯೇ ಕತೆ ಹೇಳುವ ಆಟ ಇದ್ದರೆ ಬರೆಯಿರಿ, ಓದುವ ಆಸೆ ಇದೆ.